ಹಕ್ಕಲು ಆಯ್ದವನು

ಶಾಸ್ತ್ರ ಓದಬೇಕೆಂದು ತ್ರಿವಿಕ್ರಮ ಹೊಳೆದಂಡೆಯ ಆಶ್ರಮಕ್ಕೆ ಬಂದ. ಗುಡಿಸು, ನೀರು ಹೊರು, ಸೌದೆ ಒಡೆ. ಪಾಠದ ಸುದ್ದಿಯೇ ಇಲ್ಲ. ಅವನಿಗೆ ಮೈಯೆಲ್ಲ ಉರಿ.

ಒಂದು ದಿನ ಗುರು ಅಮೃತಯ್ಯನವರು ಬುಟ್ಟಿ ಕೊಟ್ಟರು.

"ಕೊಯ್ದ ಗದ್ದೆಯಲ್ಲಿ ಹಕ್ಕಲು ಆಯ್ದು ತಾ. ಪಾಠ ಶುರು ಮಾಡೋಣ."

ಬಿದ್ದ ತೆನೆ ಆಯ್ದು ತಂದು ಉಣ್ಣುವುದು ಅಲ್ಲಿಯ ಪದ್ಧತಿ. ಮುದುಕಿ ಕೆಂಚವ್ವನಂಥ ಊರಿನ ಬಡವರು ಆಯ್ದು ಹೋದ ಮೇಲೆಯೇ ಆಶ್ರಮದವರು ಇಳಿಯಬೇಕು.

ಬಾಗಿಲಲ್ಲಿ ಐರ್ಲೆಂಡಿನಿಂದ ಬಂದಿದ್ದ ಅತಿಥಿಯೊಬ್ಬ ಕೂತಿದ್ದ. ಬುಟ್ಟಿ ನೋಡಿ ನಕ್ಕ.

"ನಮ್ಮ ಭಾಷೇಲಿ ಕಲಿಯೋದಕ್ಕೆ ಫೌಲಿಮ್ ಅಂತೀವಿ. ಅದರ ಬೇರು ಹುಡುಕಿದರೆ, ಆಯ್ದು ಕೂಡಿಸೋದು ಅಂತ ಅರ್ಥ."

ತ್ರಿವಿಕ್ರಮ ಹಿಗ್ಗಿಹೋದ. ಕೊಯ್ಲಿನವರು ಮೇಲೆ ಬಂದರೋ ಇಲ್ಲವೋ, ಊರಿನವರಿಗೆ ಕಾಯದೆ ಗದ್ದೆಗೆ ಇಳಿದೇಬಿಟ್ಟ. ತುಂಬಿದ ಬುಟ್ಟಿ ತಂದು ಗುರುಗಳ ಮುಂದಿಟ್ಟ.

"ಆಯ್ದು ಕೂಡಿಸಿದ್ದೀನಿ. ಇನ್ನು ಕಲಿಸಿ."

"ಕೆಂಚವ್ವನಿಗೆ ಏನು ಸಿಕ್ಕಿತು?"

"ಆ ಮುದುಕಿಗಾ? ಬರೋ ಹೊತ್ತಿಗೆ ಏನೂ ಉಳಿದಿರಲಿಲ್ಲ."

"ರಾತ್ರಿಗೆ ಅವಳು ಏನು ಬೇಯಿಸಬೇಕು?"

"ಅದನ್ನ ನನ್ನ ಕೇಳಿದರೆ? ಬೆವರು ಸುರಿಸಿದವನು ನಾನು. ಬಂದಾಗಿಂದ ಕತ್ತೆ ಚಾಕರಿ ಮಾಡಿದ್ದೀನಿ, ಒಂದಕ್ಷರ ಹೇಳಿಕೊಟ್ಟಿಲ್ಲ ನೀವು. ಇದು ಯಾವ ನ್ಯಾಯ?"

ಅಮೃತಯ್ಯನವರ ಮುಖ ಕೆಂಪೇರಿತು.

"ಕಿತ್ತುಕೊಂಡು ಬಂದು ಆಯ್ದೆ ಅಂತೀಯಲ್ಲ, ನಾಚಿಕೆ ಆಗೋದಿಲ್ಲವೇನೋ? ಇದನ್ನ ಅವಳ ಮನೆಗೆ ಮುಟ್ಟಿಸು. ಆಗದಿದ್ದರೆ ನಿನ್ನೂರಿನ ದಾರಿ ಹಿಡಿ."

ತ್ರಿವಿಕ್ರಮ ಹಲ್ಲು ಕಡಿಯುತ್ತಾ ಬುಟ್ಟಿ ಹೊತ್ತ. ಕೊಟ್ಟವನೇ ಹಾಗೇ ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿಕೊಂಡಿದ್ದ.

ಕೆಂಚವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಬುಟ್ಟಿ ಇಳಿಸಿದರೆ ಅವಳು ಕೈ ಮುಗಿಯಲೂ ಇಲ್ಲ.

"ಓದೋರಂತೆ. ಬಡವರ ಬಾಯಿಗೆ ಮಣ್ಣು ಹಾಕೋದನ್ನ ಯಾವ ಪುಸ್ತಕದಲ್ಲಿ ಓದಿದ್ರಿ ಸ್ವಾಮಿ?"

ತ್ರಿವಿಕ್ರಮ ಹೊರಬಿದ್ದ. ತನ್ನೂರಿನ ದಾರಿಯ ತಿರುವಿನಲ್ಲಿ ಬಹಳ ಹೊತ್ತು ನಿಂತಿದ್ದು, ಆಶ್ರಮಕ್ಕೆ ವಾಪಸಾದ.

ಮಾರನೆ ದಿನ ಕೆಂಚವ್ವ ಆಯ್ದು ಮುಗಿಸುವವರೆಗೆ ಬದುವಿನ ಮೇಲೆ ಕೂತಿದ್ದ. ಅವಳು ಮರೆಯಾದ ಮೇಲೆ ಗದ್ದೆಗೆ ಇಳಿದ. ಕೊಯ್ದುಳಿದ ಕೂಳೆಯ ಸಂದಿಯಲ್ಲಿ ಬಗ್ಗಿ ಬಗ್ಗಿ ಹುಡುಕಿದ. ಸೊಂಟ ಬಿದ್ದುಹೋಯಿತು.

ಸಂಜೆ ಗುರುಗಳ ಮುಂದೆ ಬಂದು ಮುಷ್ಟಿ ಬಿಚ್ಚಿದ. ಒಂದಿಷ್ಟು ಭತ್ತದ ಕಾಳು.

"ಉಳಿದದ್ದು ಇಷ್ಟೇ."

ಅಮೃತಯ್ಯನವರು ಚಾಪೆಯ ಮೇಲೆ ಜಾಗ ಬಿಟ್ಟು ಸರಿದು ಕೂತರು.

"ಬಾ, ಕೂತ್ಕೋ. ಇವತ್ತು ಇಷ್ಟನ್ನೇ ಓದೋಣ."