ಇಲಿಯ ಮೂರು ಜೀವ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಹಾಸ್ಟೆಲ್ಲಿನ ಅಡುಗೆಯ ನೀಲಮ್ಮ.

ಒಂದು ಹಿತ್ತಲಲ್ಲಿ ಇಲಿಯೊಂದು ಕೋಳಿಮರಿಗಳ ಆಟಕ್ಕೆಂದು ಸುತ್ತುಬಳಸಿನ ಬಿಲಗಳನ್ನು ತೋಡುತ್ತಿತ್ತು. ಒಳಗೆ ದಾರಿ ತಪ್ಪಿದವರು ಸತ್ತ ಲೆಕ್ಕ. ಆದರೆ ಆಟದಲ್ಲಿ ಎಲ್ಲರಿಗೂ ಮೂರು ಜೀವ. ಸತ್ತವರು ಮತ್ತೆ ಬಾಗಿಲಿಂದ ಶುರು ಮಾಡಬಹುದು. ಆಟ ಹಳತಾದ ಮೇಲೆ ಇಲಿ ತಿಪ್ಪೆಯ ಮೇಲೆ ಕೂತು, ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಉಪದೇಶ ಮಾಡತೊಡಗಿತು. ಅರ್ಧ ಹಿತ್ತಲು ಅದನ್ನು ಗುರು ಎಂದಿತು, ಇನ್ನರ್ಧ ಬುರುಡೆದಾಸ ಎಂದಿತು.

ಒಂದು ಬೆಳಿಗ್ಗೆ ಚುಕ್ಕಿಕೋಳಿಯ ಮರಿ ಎದೆಯುಬ್ಬಿಸಿಕೊಂಡು ಬೆಕ್ಕಿನ ಕಡೆಗೇ ಹೊರಟಿತ್ತು. ತಾಯಿ ಓಡಿಬಂದು ಅಡ್ಡ ನಿಂತಳು.

"ಬಿಡಮ್ಮ. ಭಯದ ಎದುರಿಗೇ ನಡೀಬೇಕಂತೆ, ಸೋತರೆ ಮತ್ತೆ ಶುರು ಮಾಡಬಹುದಂತೆ. ಗುರುಗಳು ಹೇಳಿದ್ದಾರೆ."

ಚುಕ್ಕಿಕೋಳಿ ಮರಿಯನ್ನು ಎಳಕೊಂಡು ತಿಪ್ಪೆಗೆ ಬಂದಳು. "ಸ್ವಾಮಿ, ಮರಿ ಚಿಕ್ಕದು. ಮೊದಲ ಜೀವ ನೀವು ಕಳೆದು ತೋರಿಸಿ. ಎರಡನೆಯದರಲ್ಲಿ ಬಂದು ಅನುಭವ ಹೇಳುವಿರಂತೆ. ಬೆಕ್ಕು ಅಲ್ಲೇ ಗೋಡೆ ಪಕ್ಕ ಕೂತಿದೆ."

ಇಲಿ ಮೀಸೆ ನೀವಿಕೊಂಡಿತು. "ನಾನು ಆಟ ಮಾಡುವವನಮ್ಮ, ಆಡುವವನಲ್ಲ."

"ಹೌದೇ? ಆ ಬೆಕ್ಕನ್ನೂ ನೀವೇ ಮಾಡಿದ್ದೋ?"

ಅಷ್ಟರಲ್ಲಿ ಬೆಕ್ಕು ಸುಮ್ಮನೆ ಒಮ್ಮೆ ಆಕಳಿಸಿತು. ತಿಪ್ಪೆ ಖಾಲಿಯಾಯಿತು. ಹಳೆಯ ಬಿಲದ ತಳದಿಂದ ಗುರುವಿನ ದನಿ ಬಂತು: "ಇದು ಸೋಲಲ್ಲ, ಎರಡನೆಯ ಹಂತ."

ಮರಿ ಬೆಕ್ಕನ್ನೊಮ್ಮೆ, ಬಿಲವನ್ನೊಮ್ಮೆ ನೋಡಿ, ಯಾರೂ ಹೇಳದೆಯೇ ಅಮ್ಮನ ರೆಕ್ಕೆಯಡಿ ಸೇರಿಕೊಂಡಿತು.

ಮೂರು ಜೀವದ ಧೈರ್ಯವನ್ನು ಒಂದೇ ಜೀವದವರಿಗೆ ಹಂಚುವ ಮಹನೀಯರು ಸಿಕ್ಕರೆ, ಅವರಿಗೆ ಬೇಡ, ಕೇಳುತ್ತ ಕೂತವರಿಗೆ ಈ ಕಥೆ ದಾಟಿಸಿ.