ತುಳುಕದ ಬಾಟಲಿ

ಮೈಸೂರಿನ ಚೆಲುವರಾಜ ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ ಅವನ ಅಣ್ಣ, "ನಿನ್ನ ಕೈಯದ್ದು ಒಂದು ಗುಟುಕು ತಂದುಕೊಡೋ" ಎಂದಿದ್ದ. ಹುದುಗು ಪೂರ್ತಿ ನಿಲ್ಲುವವರೆಗೆ ಕಾಯುವಷ್ಟು ಸಮಯವಿರಲಿಲ್ಲ. "ತುಂಬಿದ ಕೊಡ ತುಳುಕುವುದಿಲ್ಲ" ಎನ್ನುತ್ತ ಚೆಲುವರಾಜ ಮೊದಲ ಬಾಟಲಿಯನ್ನು ಕಂಠಪೂರ್ತಿ ತುಂಬಿ ಮುಚ್ಚಳ ಬಿಗಿದ. ಎರಡನೆಯದಕ್ಕೆ ಬಿಯರ್ ಸಾಲದೆ ನಾಲ್ಕು ಬೆರಳಿನಷ್ಟು ಖಾಲಿ ಉಳಿಯಿತು. ಎರಡನ್ನೂ ಒಂದೇ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟ.

ವಿಮಾನ ಮೇಲೇರಿತು. ತುಂಬಿದ ಬಾಟಲಿ ಪಕ್ಕದ್ದನ್ನು ಹಂಗಿಸಿತು: "ಅಲುಗಿದಾಗಲೆಲ್ಲ ಗುಳುಗುಳು ಎನ್ನುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ? ನನ್ನಲ್ಲಿ ಸದ್ದೇ ಇಲ್ಲ ನೋಡು."

"ಒಳಗಿರುವುದು ಇನ್ನೂ ಹುದುಗೇಳುತ್ತಿದೆ, ಅಕ್ಕ. ನಿನ್ನಲ್ಲಿ ಅದಕ್ಕೆ ಉಸಿರಾಡಲು ಜಾಗವೆಲ್ಲಿದೆ?"

"ತುಂಬಿದವರಿಗೆ ಜಾಗವೇಕೆ? ಯಜಮಾನರ ಮಾತು ಕೇಳಲಿಲ್ಲವೇ? ನಾನು ತುಳುಕುವವಳಲ್ಲ."

ಹೇಳಿದಂತೆಯೇ ಆಯಿತು. ಅದು ತುಳುಕಲಿಲ್ಲ, ಸಿಡಿಯಿತು. ಸಿಡಿದ ರಭಸಕ್ಕೆ ಪಕ್ಕದ ಬಾಟಲಿಯ ಹೊಟ್ಟೆಯೂ ಸೀಳಿಹೋಯಿತು.

"ಹಾಗಾದರೆ ಗಾದೆ ಸುಳ್ಳೇ?" ಎಂದು ಮುರಿದ ಕಂಠ ನರಳಿತು.

"ಗಾದೆ ಸುಳ್ಳಲ್ಲ, ಅಕ್ಕ," ಎಂದಿತು ಸೋರುತ್ತಿದ್ದ ತಂಗಿ. "ಅದು ಕೊಡಕ್ಕೆ ಹೇಳಿದ್ದು. ಕೊಡದ ಬಾಯಿಗೆ ಯಾರೂ ಮುಚ್ಚಳ ಬಿಗಿಯುವುದಿಲ್ಲ."

ಆ ಸಂಜೆ ಆಸ್ಪತ್ರೆಯಲ್ಲಿ ಚೆಲುವರಾಜ ಗಾಜಿನ ಚೂರು ಕೊಡವಿ, ಒದ್ದೆ ಪಂಚೆಯನ್ನು ಅಣ್ಣನ ಮೂಗಿನ ಹತ್ತಿರ ಹಿಡಿದ. ಅಣ್ಣ ಕಣ್ಣು ಮುಚ್ಚಿಕೊಂಡು ಮೂಸಿದ.

"ಚೆನ್ನಾಗಿ ಬಂದಿದೆ ಕಣೋ" ಎಂದ. ಮತ್ತೆ ಕಣ್ಣು ತೆರೆಯಲಿಲ್ಲ.