ಬೀಗರಿಗೊಂದು ಚಾಕೊಲೇಟ್ ಪಾಯಿ

ಬೆಟಗೇರಿಯ ಸುಗುಣವ್ವನಿಗೆ ಒಬ್ಬನೇ ಮಗ, ಹೆಸರು ಸಮಾಧಾನ. ಅವನು ಹುಟ್ಟಿದ ದಿನದಿಂದ ಆಕೆಗೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಹೇಳಿದ್ದು ಕೇಳದ ಮಕ್ಕಳಿಗಾಗಿ ತಾಯಂದಿರು ಅಳುತ್ತಾರೆ. ಇವನು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡುತ್ತಿದ್ದ. ಸುಗುಣವ್ವ ಅದಕ್ಕೇ ಅಳುತ್ತಿದ್ದಳು.

ಇಂಥವನಿಗೂ ಒಂದು ಸಂಬಂಧ ಬಂತು! ಹುಬ್ಬಳ್ಳಿಯ ಯೋಹಾನಪ್ಪ, ಅವನ ಹೆಂಡತಿ, ಮಗಳು, ಮೂವರೂ ಕ್ರಿಸ್‌ಮಸ್ ಊಟಕ್ಕೆ ಬರುವವರಿದ್ದರು. "ಕೇಕ್ ಯಾರ ಮನ್ಯಾಗ ಇರೂದಿಲ್ಲ ಬಿಡ್ರಿ!" ಎಂದು ಹುಡುಗಿಯ ತಾಯಿ ಫೋನಿನಲ್ಲಿ ಮೂಗು ಮುರಿದದ್ದೇ ತಡ, ಸುಗುಣವ್ವ ಹಟ ತೊಟ್ಟಳು. ಚಾಕೊಲೇಟ್ ಪಾಯಿ ಮಾಡುವುದೇ ಸೈ! ಸುಟ್ಟ ಮೈದಾ ರೊಟ್ಟಿಯ ಬಟ್ಟಲಿಗೆ ಚಾಕೊಲೇಟ್ ಹೂರಣ ತುಂಬಿದ ವಿಲಾಯ್ತಿ ತಿನಿಸು, ಮೊಬೈಲಿನಲ್ಲಿ ನೋಡಿ ಕಲಿತದ್ದು. ಪಾಯಿ ಗೆದ್ದರೆ ಮದುವೆ ಗೆದ್ದಂತೆ.

ಹಬ್ಬದ ಹಿಂದಿನ ದಿನ ಮೈದಾ ಲಟ್ಟಿಸಿ, ತಟ್ಟೆಗೆ ಹಾಸಿ, ಮಗನ ಕೈಗಿತ್ತಳು. "ದಾದಾಪೀರನ ಬೇಕರಿ ಭಟ್ಟ್ಯಾಗ ಸುಡಿಸಿಕೊಂಡು ಬಾರೋ."

"ಹೂಂ ಯವ್ವಾ."

ಹೋದ, ಸುಡಿಸಿದ, ತಂದ. ಹಿಟ್ಟು ಪೂರಿಯಂತೆ ಉಬ್ಬಿ ಕೂತಿತ್ತು. ಹೂರಣ ಹಾಕಲು ಜಾಗವೇ ಇಲ್ಲ!

"ಏ ಹುಚ್ಚಪ್ಯಾಲಿ! ಕಣ್ಣು ಎಲ್ಲಿಟ್ಟಿದ್ದಿ? ಉಬ್ಬಿದ್ದು ಕಂಡಕೂಡ್ಲೇ ಮುಳ್ಳುಚಮಚ ತಗೊಂಡು ಚುಚ್ಚಬೇಕಪಾ, ಚುಚ್ಚಬೇಕು!"

"ಹೂಂ ಯವ್ವಾ. ಇನ್ನ ಚುಚ್ಚತೀನಿ."

ಆಕೆ ಬೇರೆ ಹಿಟ್ಟು ಕಲಸಿ, ತಾನೇ ಚುಚ್ಚಿ, ತಾನೇ ಸುಡಿಸಿ ತಂದಳು. ಮಗನನ್ನು ಹಾಲಿಗೆ ಕಳಿಸಿದಳು. ಅವನು ಮುಳ್ಳುಚಮಚ ಜೇಬಿಗೆ ಹಾಕಿಕೊಂಡೇ ಹೋದ. ಹಾಲಿನ ಪಾಕೀಟು ನೋಡಿದರೆ ದುಂಡಗೆ ಉಬ್ಬಿದೆ! ಚುಚ್ಚಿದ. ಮನೆಗೆ ಬಂದದ್ದು ಖಾಲಿ ಪಾಕೀಟು, ಅದರ ಹಿಂದೆ ಓಣಿಯ ಬೆಕ್ಕುಗಳ ಮೆರವಣಿಗೆ.

"ಅಯ್ಯ ನಿನ್ನ! ಹಾಲು ಚುಚ್ಚತಾರೇನೋ? ಎಳಿಗೂಸಿನಂಗ ಶಾಲಿನಾಗ ಸುತ್ತಿ, ಎದಿಗೆ ಅವಚಿಕೊಂಡು ತರಬೇಕು!"

"ಹೂಂ ಯವ್ವಾ. ಇನ್ನ ಅವಚಿಕೊಂತೀನಿ."

ಹಾಲನ್ನು ಆಕೆ ನೆರೆಮನೆಯಿಂದ ಕಡ ತಂದಳು. ಅವನು ಚಾಕೊಲೇಟಿಗೆ ಹೋದ. ದಪ್ಪನೆಯ ಗಟ್ಟಿ ಕೊಂಡ, ಉಣ್ಣೆಯ ಶಾಲಿನಲ್ಲಿ ಸುತ್ತಿದ, ಎದೆಗವಚಿದ, ಮಟಮಟ ಮಧ್ಯಾಹ್ನದಲ್ಲಿ ಜೋಗುಳ ಹಾಡುತ್ತ ಬಂದ. "ಕೂಸು ಗಂಡೋ ಹೆಣ್ಣೋ?" ಎಂದು ಓಣಿಯವರು ಕೇಳಿದರು. ಮನೆಯಲ್ಲಿ ಶಾಲು ಬಿಚ್ಚಿದರೆ, ಕೂಸು ಕರಗಿ ಅಂಗಿಗೆ ಇಳಿದಿತ್ತು.

"ದೇವರೇ! ಬೆವತು ಮೆತ್ತಗಾತು ಅಂದ್ರ ಕತ್ತಲಕೋಣ್ಯಾಗ ಇಟ್ಟು ಚಿಲಕಾ ಹಾಕಬೇಕೋ! ಗಟ್ಟಿ ಆಗೂತನಕ ಯಾರು ಏನಂದ್ರೂ ತಗೀಬಾರದು!"

"ಹೂಂ ಯವ್ವಾ. ಇನ್ನ ತಗಿಯಂಗಿಲ್ಲ."

ಹೇಗೂ ಕರಗಿಸಬೇಕಿತ್ತಲ್ಲ ಎಂದುಕೊಂಡು ಸುಗುಣವ್ವ ಶಾಲಿನಿಂದ ಕೆರೆದದ್ದನ್ನೇ ಹಾಲು ಸಕ್ಕರೆಯೊಂದಿಗೆ ಕಾಯಿಸಿದಳು. ಕಣ್ಣಿಗೆ ಕಂಡಷ್ಟು ಉಣ್ಣೆ ಆರಿಸಿ, ಪಾಯಿ ತುಂಬಿ, ಕತ್ತಲಕೋಣೆಯಲ್ಲಿ ಇಟ್ಟಳು.

ಮರುದಿನ "ಬೀಗರು ಬಂದ್ರ ಛಂದಾಗಿ ನೋಡಿಕೋ" ಎಂದು ಹೇಳಿ ಚರ್ಚಿಗೆ ಹೋದಳು.

ಬೀಗರು ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದರು. ಮೂವರ ಹಣೆಯಿಂದಲೂ ಬೆವರು ತೊಟ್ಟಿಕ್ಕುತ್ತಿತ್ತು. ಸಮಾಧಾನ ಯೋಹಾನಪ್ಪನ ತೋಳು ಒತ್ತಿ ನೋಡಿದ. ಮೆತ್ತಗಿತ್ತು! "ಬರ್ರಿ, ಒಳಗ ಬರ್ರಿ" ಎಂದು ಕತ್ತಲಕೋಣೆಗೆ ಕರೆದೊಯ್ದ. ಚಿಲಕ ಹಾಕಿದ.

ಅವತ್ತು ಪಾದ್ರಿಯವರ ಪ್ರಸಂಗ ಉದ್ದವಾಯಿತು. ಸುಗುಣವ್ವ ಮರಳಿದಾಗ ಕೋಣೆಯ ಬಾಗಿಲು ದಬದಬ ಎನ್ನುತ್ತಿತ್ತು.

"ಯಾರೋ ಒಳಗ?"

"ಬೀಗರು."

"ತಗಿಯೋ ಬಾಗಲಾ!"

"ಇನ್ನೂ ಗಟ್ಟಿ ಆಗಿಲ್ಲ ಯವ್ವಾ."

ಆಕೆಯೇ ಚಿಲಕ ಎಳೆದಳು. ಯೋಹಾನಪ್ಪನ ಮೀಸೆಗೆ ಚಾಕೊಲೇಟ್. ಹೆಂಡತಿಯ ಗಲ್ಲಕ್ಕೆ ಚಾಕೊಲೇಟ್. ಹುಡುಗಿ ಖಾಲಿ ತಟ್ಟೆಯನ್ನು ಬೆರಳಿನಿಂದ ಬಳಿಯುತ್ತಿದ್ದಳು.

"ಸಿಟ್ಟಿಗೇಳಬೇಕಂತಿದ್ವಿ" ಎಂದಳು ಹುಡುಗಿಯ ತಾಯಿ. "ಇಂಥಾ ಪಾಯಿ ತಿಂದ ಮ್ಯಾಲೆ ಸಿಟ್ಟು ಎಲ್ಲಿ ಬರತೈತ್ರಿ? ಒಂದೀಟು ಕೂದಲಾ ಹತ್ತಿದಂಗಾತು, ಇರಲಿ."

"ಸಂಬಂಧ ಕೂಡಿತು ಅನ್ಕೋರಿ!" ಎಂದ ಯೋಹಾನಪ್ಪ. ಹೊರಗೆ ಬಂದು ಕುರ್ಚಿಗೆ ಒರಗಿದ, ಕಾಲು ಚಾಚಿದ, ಬೆಲ್ಟು ಸಡಿಲಿಸಿದ. ಹೊಟ್ಟೆ ಮೆಲ್ಲಗೆ ಉಬ್ಬಿ ಮೇಲೆ ಬಂತು.

ಸುಗುಣವ್ವ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿದಳು. ಮುಚ್ಚಬಾರದಿತ್ತು. ತೆರೆದಾಗ ಸಮಾಧಾನ ಬೀಗರ ಮುಂದೆ ಮಂಡಿಯೂರಿದ್ದ, ಕೈಯಲ್ಲಿ ಮುಳ್ಳುಚಮಚ.

"ಯವ್ವಾ, ಈ ಸಲ ಬರೋಬರಿ ಟೈಮಿಗೆ ನೋಡೀನಿ!"